ಮೂರು ಬೆರಳಿನ ದಪ್ಪ

ನಮ್ಮ ಕಡೆ ಕಾಂಕ್ರೀಟ್ ರಸ್ತೆಯ ನಿಜಬಣ್ಣ ತಿಳಿಯುವುದು ಆಷಾಢದಲ್ಲಿ. ಆರ್ಥಿಕ ವರ್ಷ ಮುಗಿಯುವ ಗಡಿಬಿಡಿಯಲ್ಲಿ, ಫೆಬ್ರವರಿ–ಮಾರ್ಚಿನಲ್ಲಿ ಹಾಕಿದ ರಸ್ತೆ ಮೇ ತಿಂಗಳ ತನಕ ಬೆಳ್ಳಗೆ, ನುಣ್ಣಗೆ ಇರುತ್ತದೆ. ಜುಲೈ ಬಂತೆಂದರೆ ದರೆಯ ನೀರೆಲ್ಲ ರಸ್ತೆಗೇ ಇಳಿಯುತ್ತದೆ. ಪಕ್ಕದ ಮಣ್ಣು ಕೊಚ್ಚಿಹೋಗಿ ಕಾಂಕ್ರೀಟಿನ ಅಂಚು ಬಯಲಾಗುತ್ತದೆ. ಅದು ಎಷ್ಟು ದಪ್ಪ ಇದೆ ಎಂದು ಆಗ ಯಾರು ಬೇಕಾದರೂ ನೋಡಬಹುದು.

ಕಳಸದಿಂದ ಸಂಸೆ ದಾಟಿ ಕುದುರೆಮುಖಕ್ಕೆ ಹೋಗುವ ದಾರಿಯಿಂದ ಎಡಕ್ಕೂ ಬಲಕ್ಕೂ ಇಂಥ ಎಷ್ಟೋ ರಸ್ತೆಗಳು ಒಳಗೆ ಹೋಗುತ್ತವೆ. ಒಂದು ಮಳೆಗಾಲದಲ್ಲಿ ನಾವು ನಾಲ್ಕು ಜನ ನಿಂತು ನೋಡಿದ ರಸ್ತೆ ಈ ಸೀಮೆಯ ಯಾವ ಊರಿನದು ಎಂಬುದು ಇಲ್ಲಿ ಬೇಡ. ಚಾರಣಕ್ಕೆ ಬಂದವರನ್ನು ಮುಳ್ಳೋಡಿಗೆ ಕರೆದೊಯ್ಯುವ ಜೀಪಿನ ಹುಡುಗನೊಬ್ಬ ಆ ಕಾಮಗಾರಿಯ ಅಳತೆ ಪುಸ್ತಕದ ನಕಲು ತಂದಿದ್ದ. ಎಲ್ಲರೂ ಎಂ.ಬಿ. ಎನ್ನುತ್ತಾರಲ್ಲ, ಅದೇ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ ಕಟ್ಟಿ ತಂದದ್ದು. ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಎಂದು ಅದರಲ್ಲಿ ಬರೆದಿತ್ತು. ತೋಟದ ಕೂಲಿ ಲೈನಿನಲ್ಲಿರುವ ಒಬ್ಬ ಅಮ್ಮ ಬಗ್ಗಿ ಅಂಚಿಗೆ ಟೇಪು ಹಿಡಿದರು. ಅದು 10 ಸೆಂಟಿಮೀಟರಿಗೆ ನಿಂತಿತು. ಟೇಪಿನಲ್ಲಿ 10ರಿಂದ 15ರವರೆಗಿನ ಜಾಗದ ಮೇಲೆ ತಮ್ಮ ಬೆರಳುಗಳನ್ನಿಟ್ಟು, "ಮೂರು ಬೆರಳು ಕಮ್ಮಿ ಅಷ್ಟೇ ಅಲ್ವಾ?" ಅಂದರು.

ಆ ಮೂರು ಬೆರಳು ಎಷ್ಟಾಗುತ್ತದೆ ಎಂದು ಅಲ್ಲೇ ಲೆಕ್ಕ ಹಾಕಿದೆವು. ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ದಪ್ಪ ಎಂದರೆ 45 ಘನ ಮೀಟರ್ ಕಾಂಕ್ರೀಟ್. ದಪ್ಪ ಹತ್ತೇ ಆದರೆ 30. ನಡುವೆ 15 ಘನ ಮೀಟರ್ ಕಾಣೆಯಾಗುತ್ತದೆ. ಎಂ–20 ಎಂಬ ಸಾಧಾರಣ ಮಿಶ್ರಣದಲ್ಲಿ ಒಂದು ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟು ಬೇಕು. ಹಾಗಾದರೆ ಬರೀ ಸಿಮೆಂಟೇ 120 ಮೂಟೆ. ಜಲ್ಲಿ, ಮರಳು, ಕೂಲಿ ಎಲ್ಲ ಬೇರೆ. ಆ ಅಮ್ಮ ಬೆರಳು ತೆಗೆದು ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು.

ಒಂದು ಅಂಚು ನೋಡಿ ಇಡೀ ರಸ್ತೆಯನ್ನು ಕಳ್ಳ ಎನ್ನುವುದು ನ್ಯಾಯವಲ್ಲ. ಅಂಚಿನಲ್ಲಿ ತೆಳುವಾಗಿ ನಡುವೆ ಸರಿಯಾಗಿ ಇರಲೂಬಹುದು. ಅದನ್ನು ನೋಡಬೇಕಾದರೆ ಕೊರೆದು ತೆಗೆಯಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಏನೆಂದರೆ, ಕೊರೆಸಿ ನೋಡುವ ಹಕ್ಕೂ ನಮಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ನಾವು ಕಾಗದದ ನಕಲು ಕೇಳುವ ಕಾಯ್ದೆ ಎಂದೇ ತಿಳಿದುಕೊಂಡಿದ್ದೇವೆ. ಅದರ 2ನೇ ಕಲಮಿನ (ಜೆ) ಉಪಕಲಮು ಓದಿ. ಕಾಮಗಾರಿಯನ್ನು ಖುದ್ದು ಪರಿಶೀಲಿಸುವುದು, ಕಡತ ನೋಡಿ ಟಿಪ್ಪಣಿ ಮಾಡಿಕೊಳ್ಳುವುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು, ಇವೆಲ್ಲ 'ಮಾಹಿತಿ ಹಕ್ಕು' ಎಂಬ ಮಾತಿನ ಅರ್ಥದೊಳಗೇ ಬರುತ್ತವೆ. ಎಂದರೆ ಕಾಂಕ್ರೀಟಿನ ಒಂದು ತುಂಡು ಕೂಡ ಮಾಹಿತಿಯೇ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು ಎಂಬ ನಿಯಮವಿದೆ. ರಸ್ತೆಯ ದಪ್ಪ ಕೇಳುವುದಕ್ಕೆ ಇಪ್ಪತ್ತು ಪದ ಸಾಕು.

ಪಂಚಾಯಿತಿಯ ಹಣ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿಲ್ಲದೆ ಯಾವ ಪ್ರಶ್ನೆ ಕೇಳಿದರೂ ಅರ್ಧ ಉತ್ತರವೇ ಸಿಗುತ್ತದೆ. ಒಂದು, ಕೇಂದ್ರದ ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ 2021–22ರಿಂದ 2025–26ರ ತನಕ ಇದರ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ 40 ಊರಿಗೆ ಬೇಕಾದ ಬೇರೆ ಕೆಲಸಕ್ಕೆ. ಆದರೆ ಅದರಲ್ಲಿ ಸಂಬಳ ಕೊಡುವಂತಿಲ್ಲ. ಎರಡು, ರಾಜ್ಯದ ಶಾಸನಬದ್ಧ ಅನುದಾನ. ನೀರಿನ ಪಂಪು, ಬೀದಿದೀಪದ ಕರೆಂಟು ಬಿಲ್ಲು, ನೌಕರರ ವೇತನ ಬಹುಮಟ್ಟಿಗೆ ಇದನ್ನೇ ನೆಚ್ಚಿಕೊಂಡಿವೆ. ಮೂರು, ನಾವು ಕಟ್ಟುವ ಮನೆ ತೆರಿಗೆ, ನೀರಿನ ತೆರಿಗೆ, ಅಂಗಡಿ ಪರವಾನಗಿ ಶುಲ್ಕ. ನಮ್ಮಂಥ ಗುಡ್ಡದ ಪಂಚಾಯಿತಿಗಳಲ್ಲಿ ತೋಟ ಜಾಸ್ತಿ, ಮನೆ ಕಮ್ಮಿ. ಕಾಫಿ ಗಿಡದಿಂದ ಪಂಚಾಯಿತಿಗೆ ಮನೆ ತೆರಿಗೆ ಬರುವುದಿಲ್ಲ. ಆದ್ದರಿಂದ ಈ ಮೂರನೆಯ ಚೀಲ ಯಾವತ್ತೂ ಹಗುರ. ಯಾವ ಚೀಲದಿಂದ ಯಾವ ಖರ್ಚು ಎಂದು ತಿಳಿದವರು "ರಸ್ತೆಗೆ ದುಡ್ಡಿದೆ, ನೀರುಗಂಟಿಗೆ ಯಾಕಿಲ್ಲ?" ಎಂಬ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಕೇಳಬಲ್ಲರು.

ಹಣಕಾಸು ಆಯೋಗದ ದುಡ್ಡಿನ ಖರ್ಚನ್ನು ನೋಡಲು ಈಗ ಪಂಚಾಯಿತಿ ಕಚೇರಿಯ ಮೆಟ್ಟಿಲೂ ಹತ್ತಬೇಕಾಗಿಲ್ಲ. 2020ರ ಏಪ್ರಿಲಿನಿಂದ ಇ–ಗ್ರಾಮಸ್ವರಾಜ್ ಜಾಲತಾಣದಲ್ಲಿ ಒಂದೊಂದು ಪಂಚಾಯಿತಿಯ ಯೋಜನೆ, ಪಾವತಿ ಎಲ್ಲ ಕಾಣುತ್ತದೆ. ಗುಡ್ಡದ ಯಾವ ತಿರುವಿನಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದು ನಮ್ಮ ಹುಡುಗರಿಗೆ ಗೊತ್ತೇ ಇದೆ. ಅಲ್ಲಿ ನಿಂತು ಹತ್ತು ನಿಮಿಷ ನೋಡಿದರೆ ಸಾಕು.

ಇಷ್ಟೆಲ್ಲ ಇದ್ದೂ ಲೆಕ್ಕ ನೋಡುವವರು ಯಾಕೆ ಇಲ್ಲ? ಜನರಿಗೆ ಆಸಕ್ತಿ ಇಲ್ಲ ಎಂಬ ಉತ್ತರ ಕೇಳಿ ಕೇಳಿ ನನಗೆ ಬೇಸರವಾಗಿದೆ. ಅದು ನಿಜವಲ್ಲ. ಗ್ರಾಮಸಭೆ ಎಲ್ಲಿ, ಯಾವಾಗ ನಡೆಯುತ್ತದೆ ಎಂದು ನೋಡಿ. ವಾರದ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ತೋಟದ ಆಳಿಗೆ ಅದು ಒಂದು ದಿನದ ಕೂಲಿ. ಡಿಸೆಂಬರಿನಲ್ಲಿ ಇಟ್ಟರೆ ಕಾಫಿ ಹಣ್ಣು ಕುಯ್ಯುವ ಕಾಲ. ಕುಯ್ದ ಕೆ.ಜಿ. ಮೇಲೆ ದುಡ್ಡು ಸಿಗುವ ದಿನಗಳಲ್ಲಿ ಯಾವ ತಾಯಿ ಬುಟ್ಟಿ ಕೆಳಗಿಟ್ಟು ಬಂದಾಳು? ಜುಲೈನಲ್ಲಿ ಇಟ್ಟರೆ ಹಳ್ಳ ತುಂಬಿ ಸಂಕ ದಾಟುವುದೇ ಕಷ್ಟ. ಇನ್ನು ಊರೆಂದರೆ ಬಯಲುಸೀಮೆಯ ಹಾಗೆ ಒಂದೇ ಕಡೆ ಮನೆಗಳಿರುವ ಊರಲ್ಲ. ಈ ಗುಡ್ಡಕ್ಕೊಂದು ಮನೆ, ಆ ಗುಡ್ಡಕ್ಕೆರಡು. ಆಟೋದಲ್ಲಿ ಮೈಕು ಕಟ್ಟಿ ಸಾರಿದರೂ ಅರ್ಧ ಜನರ ಕಿವಿಗೆ ಬೀಳುವುದಿಲ್ಲ. ಸಭೆಗೆ ಬರುವವರು ಮನೆ ಪಟ್ಟಿಯಲ್ಲಿ ಹೆಸರು ಬೇಕಾದವರು ಮತ್ತು ಬರಲೇಬೇಕಾದ ಅಧಿಕಾರಿಗಳು. ಜಮಾ–ಖರ್ಚು ಓದುವ ಹೊತ್ತಿಗೆ ಚಾ ಬಂದಿರುತ್ತದೆ.

ಕಾಯ್ದೆ ಬಡವಾಗಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಇವೆ. ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳು ಮೀರಬಾರದು. ವಾರ್ಷಿಕ ಲೆಕ್ಕಪತ್ರವನ್ನೂ ಲೆಕ್ಕಪರಿಶೋಧನೆಯ ಟಿಪ್ಪಣಿಯನ್ನೂ ಸಭೆಯ ಮುಂದೆ ಇಡಬೇಕು. ಇದರ ಹಿಂದೆ ಅಬ್ದುಲ್ ನಜೀರ್ ಸಾಬ್ ಅವರ ದುಡಿಮೆ ಇದೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅವರು ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರು ಸಾಬ್' ಎನಿಸಿಕೊಂಡರು. ಅದೇ ಕೈಯಿಂದ 1983ರ ಕಾಯ್ದೆಯನ್ನೂ ತಂದರು. ಅದರ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದದ್ದು ಆಮೇಲೆ.

ಇನ್ನೊಂದು ಸಭೆಯ ಹೆಸರೇ ನನಗೆ ತುಂಬ ಇಷ್ಟ. ಜಮಾಬಂದಿ. ಮೈಸೂರು ಸೀಮೆಯಲ್ಲಿ ಜಮಾಬಂದಿ ಎಂದರೆ ಅಮಲ್ದಾರರು ವರ್ಷಕ್ಕೊಮ್ಮೆ ಬಂದು ಕೂತು ರೈತರ ಕಂದಾಯದ ಲೆಕ್ಕ ಚುಕ್ತಾ ಮಾಡುವುದು. ಶಾನುಭೋಗರು ಕಡತ ಬಿಚ್ಚುತ್ತಿದ್ದರು, ರೈತ ಕೈಕಟ್ಟಿ ನಿಂತು ಉತ್ತರ ಹೇಳುತ್ತಿದ್ದ. ಈಗ ಅದೇ ಹೆಸರಿನಲ್ಲಿ ಗ್ರಾಮ ಪಂಚಾಯಿತಿಯ ಜಮಾಬಂದಿ ನಡೆಯುತ್ತದೆ. ವರ್ಷಕ್ಕೊಮ್ಮೆ ಮೇಲಿನ ಅಧಿಕಾರಿಯೊಬ್ಬರು ಬಂದು ಹಿಂದಿನ ವರ್ಷದ ಆದಾಯ, ಖರ್ಚು, ವೋಚರು, ಕಾಮಗಾರಿಗಳನ್ನು ಸಾರ್ವಜನಿಕರ ಎದುರಲ್ಲೇ ತಪಾಸಣೆ ಮಾಡಬೇಕು. ಕಾಮಗಾರಿಯ ಜಾಗಕ್ಕೂ ಹೋಗಿ ನೋಡಬೇಕು. ಉತ್ತರ ಹೇಳಬೇಕಾದವರು ಈಗ ಕಚೇರಿಯವರು, ಪ್ರಶ್ನೆ ಕೇಳಬೇಕಾದವರು ರೈತರು, ಕೂಲಿಗಳು. ಇಷ್ಟು ದೊಡ್ಡ ಬದಲಾವಣೆ ನಮ್ಮ ಊರುಗಳಲ್ಲಿ ಸದ್ದಿಲ್ಲದೆ ಆಗಿಹೋಗಿದೆ. ನಾವಿನ್ನೂ ಕೈಕಟ್ಟಿಯೇ ನಿಂತಿದ್ದೇವೆ.

ಲೆಕ್ಕವನ್ನು ಗಟ್ಟಿಯಾಗಿ ಓದುವುದರಲ್ಲಿ ಎಂಥ ಶಕ್ತಿ ಇದೆ ಎಂದು ತೋರಿಸಿದ್ದು ರಾಜಸ್ಥಾನದ ಕೂಲಿಕಾರರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಹಳ್ಳಿಯವರು ಸೇರಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ 'ಜನಸುನ್ವಾಯಿ', ಎಂದರೆ ಸಾರ್ವಜನಿಕ ವಿಚಾರಣೆ, ನಡೆಸಿತು. ಹಾಜರಿ ಪಟ್ಟಿಯನ್ನೂ ಬಿಲ್ಲುಗಳನ್ನೂ ಜನರ ಮುಂದೆ ಒಂದೊಂದಾಗಿ ಓದಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. 'ನಮ್ಮ ದುಡ್ಡು, ನಮ್ಮ ಲೆಕ್ಕ' ಎಂಬುದು ಅವರ ಕೂಗು. ಕರ್ನಾಟಕ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತು, 2005ರಲ್ಲಿ ದೇಶದ ಕಾಯ್ದೆ ಬಂತು. ಅಂದರೆ ಜೀಪಿನ ಹುಡುಗನ ಕೈಯಲ್ಲಿದ್ದ ಆ ನಕಲಿನ ಹಿಂದೆ ಅಕ್ಷರ ಬಾರದ ಎಷ್ಟೋ ಹೆಂಗಸರು ಬಿಸಿಲಲ್ಲಿ ಕೂತ ದಿನಗಳಿವೆ.

ಬೆಂಗಳೂರಿನಲ್ಲೂ ಒಂದು ಒಳ್ಳೆಯ ಪ್ರಯತ್ನವಾಗಿತ್ತು. 2002ರಲ್ಲಿ ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್, ಅಕ್ಷರ ಪ್ರತಿಷ್ಠಾನ, ವಾಯ್ಸಸ್ ಎಂಬ ನಾಲ್ಕು ಸಂಸ್ಥೆಗಳು 'ಪ್ರೂಫ್' ಎಂಬ ಹೆಸರಿನಲ್ಲಿ, ಮಹಾನಗರ ಪಾಲಿಕೆಯ ಮೂರು ಮೂರು ತಿಂಗಳ ಲೆಕ್ಕವನ್ನು ನಾಗರಿಕರ ಮುಂದಿಟ್ಟು ಚರ್ಚಿಸುವ ಕ್ರಮ ತಂದವು. ಅದೇ ನಗರದಲ್ಲಿ 2020ರ ಸೆಪ್ಟೆಂಬರಿಗೆ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಲೆಕ್ಕ ಕೇಳೋಣ ಎಂದರೆ ವಾರ್ಡಿನಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ.

ಇನ್ನು ಸಂಬಳದ ಮಾತು. ಇದನ್ನು ಕೇಳಲು ನಮ್ಮವರು ಹಿಂಜರಿಯುತ್ತಾರೆ. ಯಾರಿಗೆ ಎಷ್ಟು ಸಂಬಳ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯ ಮಾತಲ್ಲ. ಖಾಸಗಿಯವರ ವಿಷಯದಲ್ಲಿ ಅದು ಸರಿ. ಸಾರ್ವಜನಿಕ ಹುದ್ದೆಯ ಸಂಬಳ ಗುಟ್ಟಲ್ಲ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮು ಪ್ರತಿ ಕಚೇರಿಯೂ ತಾನಾಗಿಯೇ ಪ್ರಕಟಿಸಬೇಕಾದ ಸಂಗತಿಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಹತ್ತನೆಯದು ಪ್ರತಿಯೊಬ್ಬ ಅಧಿಕಾರಿ, ನೌಕರನ ಮಾಸಿಕ ವೇತನ. ಕೇಳುವುದೂ ಬೇಡ, ಅವರೇ ಗೋಡೆಗೆ ಹಾಕಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬಿಗಿ ಮಾಡಿ, ವೈಯಕ್ತಿಕ ಮಾಹಿತಿ ಎಂಬ ಕಾರಣ ಹೇಳಿ ಅರ್ಜಿ ತಳ್ಳಿಹಾಕುವ ದಾರಿಯನ್ನು ಅಗಲ ಮಾಡಿದೆ. ಇದು ನನ್ನನ್ನು ನಿಜವಾಗಿಯೂ ಕಾಡುತ್ತದೆ. ಹಾಜರಿ ಪಟ್ಟಿಯಲ್ಲಿರುವ ಹೆಸರನ್ನೇ ವೈಯಕ್ತಿಕ ಎಂದುಬಿಟ್ಟರೆ ಕೋಟ್ ಕಿರಾನಾದಲ್ಲಿ ಓದಿದ್ದನ್ನು ಇಂದು ಓದುವುದು ಹೇಗೆ? ಆದರೂ ವೇತನ ಪ್ರಕಟಿಸಬೇಕೆಂಬ ಆ 4ನೇ ಕಲಮಿನ ಮಾತನ್ನು ಯಾರೂ ತೆಗೆದಿಲ್ಲ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುವ 8(2) ಕೂಡ ಉಳಿದಿದೆ.

ಸಂಬಳವನ್ನು ಯಾರೂ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬೆಲ್ ಎಂಬ ಪುಟ್ಟ ಊರಿನ ಕತೆ ಇದೆ. ಲಾಸ್ ಏಂಜಲೀಸ್ ಪಕ್ಕದಲ್ಲಿ ಸುಮಾರು 35 ಸಾವಿರ ಜನ, ಹೆಚ್ಚಿನವರು ದುಡಿದು ತಿನ್ನುವವರು. 2010ರ ಜುಲೈನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಜೆಫ್ ಗಾಟ್ಲೀಬ್, ರೂಬೆನ್ ವೀವೆಸ್ ಎಂಬ ಇಬ್ಬರು ವರದಿಗಾರರು ಅಲ್ಲಿಯ ನಗರಾಡಳಿತದ ಮುಖ್ಯಾಧಿಕಾರಿ ರಾಬರ್ಟ್ ರಿಝೋ ಅವರ ಸಂಬಳ ಬಯಲು ಮಾಡಿದರು. ವರ್ಷಕ್ಕೆ 8 ಲಕ್ಷ ಡಾಲರಿನ ಹತ್ತಿರ ಹತ್ತಿರ. ಅಮೆರಿಕದ ಅಧ್ಯಕ್ಷರ ಸಂಬಳ 4 ಲಕ್ಷ. ಅರೆಕಾಲಿಕ ಕೆಲಸದ ನಗರಸಭಾ ಸದಸ್ಯರೂ ವರ್ಷಕ್ಕೆ ಲಕ್ಷ ಡಾಲರಿನಷ್ಟು ಪಡೆಯುತ್ತಿದ್ದರು. ಸಾಮಾನ್ಯ ನಗರಗಳ ಸದಸ್ಯರ ಸಂಬಳಕ್ಕೆ ಕ್ಯಾಲಿಫೋರ್ನಿಯಾದ ಕಾನೂನು ಮಿತಿ ಹಾಕಿತ್ತು. ಸ್ವಂತ ಸನ್ನದು ಇರುವ ನಗರಕ್ಕೆ ಆ ಮಿತಿ ಇಲ್ಲ. ಸನ್ನದು ಬೇಕೇ ಬೇಡವೇ ಎಂದು 2005ರಲ್ಲಿ ಬೆಲ್‌ನಲ್ಲಿ ಒಂದು ವಿಶೇಷ ಮತದಾನ ನಡೆದಿತ್ತು. ಅದರಲ್ಲಿ ಮತ ಹಾಕಿದವರು 400 ಜನಕ್ಕೂ ಕಮ್ಮಿ. ರಿಝೋ ಅವರಿಗೆ 2014ರಲ್ಲಿ 12 ವರ್ಷದ ಸೆರೆವಾಸವಾಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಶಿಕ್ಷೆಯಲ್ಲ, ನಾನೂರಕ್ಕೂ ಕಮ್ಮಿ ಎಂಬ ಆ ಸಂಖ್ಯೆ. ನಮ್ಮ ಗ್ರಾಮಸಭೆಯ ಹಾಜರಿ ಪುಸ್ತಕ ತೆರೆದಾಗಲೆಲ್ಲ ಅದು ನೆನಪಾಗುತ್ತದೆ.

ಆದರೆ ನಮ್ಮ ಪಂಚಾಯಿತಿಗಳಲ್ಲಿ ಸಂಬಳದ ಪಟ್ಟಿ ಕೇಳಿದರೆ ಬೆಲ್‌ನಲ್ಲಿ ಕಂಡದ್ದು ಕಾಣುವುದಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸರ್ಕಾರಿ ನೌಕರರು, ಅವರ ವೇತನ ಸರ್ಕಾರದ ಶ್ರೇಣಿಯಂತೆ. ಚುನಾಯಿತ ಸದಸ್ಯರಿಗೆ ತಿಂಗಳಿಗೆ ಕೆಲವೇ ಸಾವಿರ ಗೌರವಧನ. ಅದಕ್ಕಿಂತ ಕೆಳಗೆ ಕಣ್ಣು ಹಾಯಿಸಿ. ಬಿಲ್ ಕಲೆಕ್ಟರ್, ಅಟೆಂಡರ್, ಸ್ವಚ್ಛತಾ ಕೆಲಸದವರು, ನೀರುಗಂಟಿ. ಬಾಕಿ ವೇತನ ಕೊಡಿ ಎಂದು ರಾಜ್ಯದ ಗ್ರಾಮ ಪಂಚಾಯಿತಿ ನೌಕರರು ಎಷ್ಟು ಸಲ ಬೀದಿಗೆ ಇಳಿದಿದ್ದಾರೆ! ನಾನು ಕಂಡ ಒಂದು ಸಭೆಯಲ್ಲಿ ಸಂಬಳದ ಪಟ್ಟಿ ಓದಿ ಎಂದು ಪಟ್ಟು ಹಿಡಿದಾಗ ಎಲ್ಲರೂ ದೊಡ್ಡವರ ಸಂಬಳಕ್ಕೆ ಕಿವಿ ನಿಮಿರಿಸಿದ್ದರು. ಸಭೆ ನಿಂತದ್ದು ಕೊನೆಯ ಸಾಲಿನಲ್ಲಿ. ನೀರುಗಂಟಿಗೆ ಹಲವು ತಿಂಗಳಿಂದ ವೇತನ ಆಗಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಗೊರಬು ಹೊದ್ದು ಗುಡ್ಡ ಹತ್ತಿ ವಾಲ್ವು ತಿರುಗಿಸುವವರು, ಪೈಪಿಗೆ ಎಲೆ ಕಟ್ಟಿದರೆ ಅಬ್ಬಿಯೊಳಗೆ ಕೈ ಹಾಕಿ ತೆಗೆಯುವವರು. ಅವರು ಹಿಂದಿನ ಬೆಂಚಿನಲ್ಲೇ ಕೂತಿದ್ದರು. ಯಾರೋ ತಿರುಗಿ, "ಯಾಕೆ ಮಾರಾಯ್ರೆ, ಒಂದು ದಿನಾನೂ ಹೇಳ್ಲಿಲ್ವಲ್ಲ?" ಎಂದರು. ಅವರು ತಲೆ ತಗ್ಗಿಸಿ, "ನೀವು ಕೇಳ್ಲಿಲ್ವಲ್ಲ," ಎಂದರು.

ಅಂದೇ ಆ ಸಭೆಯಲ್ಲಿ ಮೊದಲ ಸಲ ತೆರಿಗೆ ಬಾಕಿಯ ಪಟ್ಟಿಯನ್ನೂ ಓದಿಸಿದರು. ಅದರಲ್ಲಿ ಪ್ರಶ್ನೆ ಕೇಳಿದ ಕೆಲವರ ಹೆಸರೂ ಇತ್ತು. ಹೋಂಸ್ಟೇ ನಡೆಸುವವರದ್ದೂ ಇತ್ತು. ಲೆಕ್ಕ ಕೇಳುವುದೆಂದರೆ ಬರೀ ಎದುರಿನವರ ಪುಸ್ತಕ ಬಿಚ್ಚುವುದಲ್ಲ ಎಂದು ಆ ದಿನ ಹಲವರಿಗೆ ಅನ್ನಿಸಿರಬೇಕು. ಮುಂದಿನ ವಾರ ಕಚೇರಿಯಲ್ಲಿ ರಸೀದಿ ಪುಸ್ತಕಕ್ಕೆ ಕೈತುಂಬ ಕೆಲಸ.

ಮೂರು ಬೆರಳಿನ ರಸ್ತೆಗೆ ಏನಾಯಿತು ಎಂದು ನೀವು ಕೇಳುತ್ತೀರಿ. ಗುತ್ತಿಗೆದಾರರ ಬಿಲ್ಲಿನಲ್ಲಿ ಒಂದು ಪಾಲನ್ನು ಭದ್ರತಾ ಠೇವಣಿಯಾಗಿ ಹಿಡಿದಿಟ್ಟಿರುತ್ತಾರೆ. ಕೆಲಸದಲ್ಲಿ ದೋಷ ಕಂಡರೆ ಸರಿಪಡಿಸಬೇಕಾದ ಅವಧಿ ಮುಗಿಯುವ ತನಕ ಅದು ಕೈಸೇರುವುದಿಲ್ಲ. ನಾವು ಕೇಳಿದ್ದು ಆ ಅವಧಿಯೊಳಗೆ. ಎರಡು ಕಡೆ ಕೊರೆದು ನೋಡಿದರು. ಒಂದು ಕಡೆ ಹದಿನಾಲ್ಕು ಇತ್ತು, ಇನ್ನೊಂದು ಕಡೆ ಹತ್ತು. ತೆಳುವಿದ್ದ ಭಾಗವನ್ನು ಒಡೆದು ಮತ್ತೆ ಹಾಕಿದರು. ಒಂದು ವರ್ಷ ತಡವಾಗಿ ಹೋಗಿದ್ದರೆ ಠೇವಣಿಯೂ ಇರುತ್ತಿರಲಿಲ್ಲ, ಕೇಳಿದರೆ "ಅದು ಹಳೇ ಕಾಮಗಾರಿ" ಎಂಬ ಉತ್ತರ ಬರುತ್ತಿತ್ತು. ಆದ್ದರಿಂದ ಕಾಮಗಾರಿಯ ಪಕ್ಕದಲ್ಲಿ ಹಾಕಿದ ನಾಮಫಲಕ ನೋಡಿದ ದಿನವೇ ಫೋನಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಮೊತ್ತ, ಅಳತೆ, ಮುಗಿದ ತಾರೀಕು ಅದರಲ್ಲೇ ಇರುತ್ತದೆ. ಎರಡು ಮಳೆಗಾಲ ಕಳೆದರೆ ಫಲಕದ ಅಕ್ಷರ ಅಳಿಸಿಹೋಗುತ್ತದೆ.

ಆಮೇಲಿನ ವರ್ಷ ಬೇರೊಂದು ಕೇರಿಯ ರಸ್ತೆಗೂ ಹೋದೆವು. ಅದೇ ಅಮ್ಮ ಟೇಪು ಹಿಡಿದರು. ಹದಿನೈದೂವರೆ. ಮತ್ತೊಂದು ಕಡೆ ಹಿಡಿದರು. ಹದಿನೈದು. ಜೀಪಿನ ಹುಡುಗ ಅದನ್ನು ಅಳತೆ ಪುಸ್ತಕದ ನಕಲಿನ ಪಕ್ಕದಲ್ಲಿ ಬರೆದುಕೊಂಡ. ಗ್ರಾಮಸಭೆಯಲ್ಲಿ ನಾವು ಅದನ್ನೂ ಎದ್ದು ನಿಂತು ಓದಿದೆವು, ಕಾಮಗಾರಿಯ ಹೆಸರು, ಮೊತ್ತ, ಗುತ್ತಿಗೆದಾರರ ಹೆಸರು, ದಪ್ಪ ಸರಿಯಿದೆ ಎಂಬ ಮಾತು ಸಮೇತ. ಕಿರಿಯ ಎಂಜಿನಿಯರ್ ತಲೆಯೆತ್ತಿ ನೋಡಿದರು. ತಮ್ಮ ಕೆಲಸ ಸರಿಯಿದೆ ಎಂದು ಯಾರೋ ಸಭೆಯಲ್ಲಿ ಹೇಳಿದ್ದು ಇದೇ ಮೊದಲು ಎಂದು ಆಮೇಲೆ ಚಾ ಕುಡಿಯುವಾಗ ಹೇಳಿದರು. ಆ ಅಮ್ಮ ಅಷ್ಟರಲ್ಲಿ ಸಭೆ ನಡೆಸಲು ಬಂದಿದ್ದ ನೋಡಲ್ ಅಧಿಕಾರಿಯ ಮೇಜಿನ ಹತ್ತಿರ ಹೋಗಿ ನಿಂತಿದ್ದರು.

"ಸಾರ್, ಮುಂದಿನ ಸಭೆ ಭಾನುವಾರ ಇಡಿ. ನಮ್ಮ ಲೈನಿಂದ ಹನ್ನೆರಡು ಜನ ಬರ್ತೇವೆ."

ಅಧಿಕಾರಿ ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು.